ಓದುಗರ ಪ್ರಶ್ನೆ, ನಮ್ಮ ಉತ್ತರ: ಹತ್ತನೇ ದಿನಕ್ಕೆ ಮುಗ್ಗರಿಸುವ ಸಂಕಲ್ಪಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ರಾಗದವು. ಬದಲಾಗಬೇಕು ಅಂತ ಗೊತ್ತು, ಏನು ಮಾಡಬೇಕು ಅಂತಲೂ ಗೊತ್ತು, ಆದರೆ ಆಗುತ್ತಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರು ಬಿಟ್ಟು ಉತ್ತರಿಸಿದ್ದೇವೆ.

ಪ್ರಶ್ನೆ: ಹೊಸ ವರ್ಷ, ಹುಟ್ಟುಹಬ್ಬ, ತಿಂಗಳ ಮೊದಲ ದಿನ ಹೀಗೆ ಪ್ರತಿ ಸಲವೂ ಹೊಸದಾಗಿ ಶುರು ಮಾಡುತ್ತೇನೆ. ಬೇಗ ಏಳುವುದು, ವ್ಯಾಯಾಮ, ಧ್ಯಾನ, ದಿನಚರಿ, ಅರ್ಧ ಗಂಟೆ ಓದು. ಒಂದು ವಾರ ಚೆನ್ನಾಗಿಯೇ ನಡೆಯುತ್ತದೆ. ಹತ್ತನೇ ದಿನಕ್ಕೆ ಎಲ್ಲ ಮೂಲೆಗೆ. ನನ್ನ ಮನಸ್ಸೇ ದುರ್ಬಲವೇ?

ಮನಸ್ಸಿನ ವಿಚಾರಣೆ ಆಮೇಲಾಗಲಿ, ಮೊದಲು ನಿಮ್ಮ ಪಟ್ಟಿಯನ್ನೇ ಇನ್ನೊಮ್ಮೆ ನೋಡಿ. ಐದು ಹೊಸ ಕೆಲಸ, ಬಹುಶಃ ಎಲ್ಲಕ್ಕೂ ಬೆಳಗಿನ ಅದೇ ಒಂದೂವರೆ ಗಂಟೆ. ಒಂದು ದಿನ ಏಳುವುದು ಇಪ್ಪತ್ತು ನಿಮಿಷ ತಡವಾದರೆ ಉಳಿದ ನಾಲ್ಕೂ ಸಾಲಾಗಿ ಉರುಳುತ್ತವೆ. ಏಮಿ ಡಾಲ್ಟನ್ ಮತ್ತು ಸ್ಟೀಫನ್ ಸ್ಪಿಲ್ಲರ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದೂ ಇದೇ. ಯಾವಾಗ, ಎಲ್ಲಿ, ಹೇಗೆ ಎಂದು ಯೋಜನೆ ಹಾಕಿಕೊಂಡದ್ದು ಗುರಿ ಒಂದೇ ಇದ್ದವರಿಗೆ ಫಲ ಕೊಟ್ಟಿತು. ಹಲವು ಗುರಿಗಳಿಗೆ ಒಟ್ಟಿಗೇ ಯೋಜನೆ ಹಾಕಿದವರಿಗೆ ಆ ಲಾಭ ಸಿಗಲಿಲ್ಲ.

ಆದ್ದರಿಂದ ಒಂದನ್ನು ಆರಿಸಿ. ಎಲ್ಲಕ್ಕಿಂತ ಮುಖ್ಯವಾದದ್ದನ್ನೇ ಆರಿಸಬೇಕಿಲ್ಲ. ಈಗಿರುವ ದಿನಚರಿಯಲ್ಲಿ ಯಾವುದಕ್ಕೆ ಜಾಗ ಸುಲಭವಾಗಿ ಸಿಗುತ್ತದೋ ಅದರಿಂದ ಶುರು ಮಾಡಿ.

ಇನ್ನು ಸಂಕಲ್ಪದ ವಾಕ್ಯ. ‘ದಿನಾ ವ್ಯಾಯಾಮ ಮಾಡುತ್ತೇನೆ’ ಎಂಬುದು ಆಸೆ, ಅದರಲ್ಲಿ ಹೊತ್ತೂ ಇಲ್ಲ, ಜಾಗವೂ ಇಲ್ಲ. ಬ್ರಿಟನ್ನಿನಲ್ಲಿ ಸಾರಾ ಮಿಲ್ನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಲಾಗಿತ್ತು. ವಾರದಲ್ಲಿ ಒಮ್ಮೆಯಾದರೂ 20 ನಿಮಿಷ ಬೆವರು ಬರುವಂತೆ ವ್ಯಾಯಾಮ ಮಾಡಬೇಕು, ಅಷ್ಟೆ. ಏನೂ ಹೇಳಿಸಿಕೊಳ್ಳದ ಗುಂಪಿನಲ್ಲಿ ಮಾಡಿದವರು ಶೇ. 38. ಹೃದ್ರೋಗ ತಡೆಯಲು ವ್ಯಾಯಾಮ ಎಷ್ಟು ಒಳ್ಳೆಯದು ಎಂಬ ಕರಪತ್ರ ಓದಿದವರಲ್ಲಿ ಶೇ. 35. ಅದೇ ಕರಪತ್ರ ಓದಿ, ಜೊತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಬರೆದುಕೊಟ್ಟವರಲ್ಲಿ ಶೇ. 91. ಹುರಿದುಂಬಿಸುವ ಮಾತಿಗೆ ಎಷ್ಟು ತೂಕ, ಒಂದು ಸಾಲಿನ ಬರಹಕ್ಕೆ ಎಷ್ಟು ತೂಕ ಎಂದು ನೀವೇ ಲೆಕ್ಕ ಹಾಕಿ.

ಈ ಸಾಲು ಬರೆಯುವುದಕ್ಕೂ ಒಂದು ಕ್ರಮವಿದೆ. ಗಡಿಯಾರದ ಸಮಯಕ್ಕಿಂತ, ಈಗಾಗಲೇ ದಿನಾ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಹೊಸದನ್ನು ಗಂಟು ಹಾಕುವುದು ಒಳ್ಳೆಯದು. ಆ ಹಳೆಯ ಕೆಲಸ ಮುಗಿದ ಕ್ಷಣ ಸ್ಪಷ್ಟವಾಗಿರಬೇಕು. ‘ಊಟವಾದ ಮೇಲೆ’ ಎಂದು ಬರೆದರೆ ಕೆಡುತ್ತದೆ. ಊಟ ಎಲ್ಲಿ ಮುಗಿಯಿತು, ಹರಟೆ ಎಲ್ಲಿ ಶುರುವಾಯಿತು, ನಡುವೆ ಮೊಬೈಲ್ ಯಾವಾಗ ಕೈಗೆ ಬಂತು ಗೊತ್ತಾಗುವುದಿಲ್ಲ. ‘ಬಿಡುವಾದಾಗ’ ಎಂದು ಬರೆದರಂತೂ ಮುಗಿಯಿತು. ‘ಹಲ್ಲುಜ್ಜಿ ಬ್ರಷ್ ಲೋಟಕ್ಕೆ ಹಾಕಿದ ಕೂಡಲೇ, ಅಲ್ಲೇ ಪಕ್ಕದ ಕೋಣೆಯಲ್ಲಿ, ಚಾಪೆ ಬಿಡಿಸಿ ನಿಲ್ಲುತ್ತೇನೆ’ ಎಂದು ಬರೆಯಿರಿ. ಇದರಲ್ಲಿ ಹೊತ್ತು, ಜಾಗ, ಮೊದಲ ಚಲನೆ ಮೂರೂ ಇವೆ.

ಪ್ರಮಾಣದಲ್ಲಿ ಎಡವುವವರೇ ಹೆಚ್ಚು. ಉತ್ಸಾಹದ ದಿನ ಕೂತು ಪ್ರಮಾಣ ನಿಗದಿ ಮಾಡುತ್ತೇವೆ, ಸುಸ್ತಾದ ದಿನ ಅದನ್ನು ಹೊರಬೇಕಾಗುತ್ತದೆ. ಲೆಕ್ಕ ಉಲ್ಟಾ ಇರಲಿ. ನೆಗಡಿಯಾಗಿದೆ, ಮನೆಗೆ ನೆಂಟರು ಬಂದಿದ್ದಾರೆ, ನಿದ್ದೆ ಸರಿಯಾಗಿಲ್ಲ. ಆ ದಿನವೂ ಮಾಡಬಲ್ಲಷ್ಟು ಎಷ್ಟೋ ಅದೇ ನಿಮ್ಮ ಪ್ರಮಾಣ. ಎರಡು ನಿಮಿಷದ ವ್ಯಾಯಾಮ, ಒಂದು ಪುಟ ಓದು. ಮೊದಲ ಎರಡು ವಾರ ಹುರುಪು ಬಂದರೂ ಈ ಅಳತೆಯನ್ನು ಏರಿಸಬೇಡಿ. ಮೂರನೇ ವಾರ ಐದು ನಿಮಿಷ, ನಾಲ್ಕನೇ ವಾರ ಎಂಟು. ಯಾವುದೇ ವಾರದಲ್ಲಿ ಎರಡು ದಿನ ತಪ್ಪಿದರೆ ಹಿಂದಿನ ಅಳತೆಗೆ ಇಳಿಯಿರಿ. ಅದರಲ್ಲಿ ಅವಮಾನವೇನಿಲ್ಲ.

‘21 ದಿನ ಮಾಡಿದರೆ ಅಭ್ಯಾಸವಾಗುತ್ತದೆ’ ಎಂದು ನಂಬಿದವರಿಗೆ ಹತ್ತನೇ ದಿನದ ಭಾರ ಅನ್ಯಾಯ ಅನ್ನಿಸುತ್ತದೆ, ಅರ್ಧ ದಾರಿ ಬಂದೂ ಹಗುರವಾಗಲಿಲ್ಲವಲ್ಲ ಎಂದು. ಆ 21ರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತು. ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಗಳಿಗೆ ತಮ್ಮ ಹೊಸ ಮುಖ ರೂಢಿಯಾಗಲು ‘ಕನಿಷ್ಠ ಸುಮಾರು 21 ದಿನ’ ಬೇಕು ಎಂದಿದ್ದರು. ‘ಕನಿಷ್ಠ’ ಎಂಬ ಪದ ಬಾಯಿಂದ ಬಾಯಿಗೆ ಬರುವಾಗ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು 84 ದಿನ ಗಮನಿಸಿ ಹೇಳಿದ ಲೆಕ್ಕ ಬೇರೆ. ಕೆಲಸ ತಾನಾಗಿ ನಡೆಯುವ ಹಂತಕ್ಕೆ ಬರಲು ನಡುಮಟ್ಟದ ಅವಧಿ 66 ದಿನ. ಒಬ್ಬೊಬ್ಬರಿಗೂ ವ್ಯತ್ಯಾಸ 18 ದಿನದಿಂದ 254 ದಿನದವರೆಗೆ (84 ದಿನ ಮೀರಿದ್ದು ಲೆಕ್ಕ ಮುಂದುವರಿಸಿ ಮಾಡಿದ ಅಂದಾಜು). ಒಂದು ಲೋಟ ನೀರು ಕುಡಿಯುವಂಥ ಅಭ್ಯಾಸ ಬೇಗ ಕೂಡಿಬಂತು, ವ್ಯಾಯಾಮ ನಿಧಾನವಾಯಿತು. ನಿಮ್ಮ ಹತ್ತನೇ ದಿನ ಭಾರವಾಗಿರುವುದು ಸಹಜ, ಅದು ಬರೀ ಹತ್ತನೇ ದಿನ.

ಅದೇ ಅಧ್ಯಯನದ ಇನ್ನೊಂದು ಮಾತು ನಿಮಗೆ ಹೆಚ್ಚು ಬೇಕಾದದ್ದು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಪೆಟ್ಟು ಕೊಡುವುದು ‘ಹೇಗೂ ಹಾಳಾಯಿತು’ ಎಂಬ ಲೆಕ್ಕಾಚಾರ. ಹಾಗಾಗಿ ನಿಯಮವನ್ನು ‘ಒಂದು ದಿನವೂ ತಪ್ಪಿಸಬಾರದು’ ಎಂದು ಇಟ್ಟುಕೊಳ್ಳದೆ ‘ಸಾಲಾಗಿ ಎರಡು ದಿನ ತಪ್ಪಿಸಬಾರದು’ ಎಂದು ಇಟ್ಟುಕೊಳ್ಳಿ. ಮರಳಿ ಬಂದ ದಿನ ನಿನ್ನೆಯ ಬಾಕಿ ಸೇರಿಸಿ ದುಪ್ಪಟ್ಟು ಮಾಡಲು ಹೋಗಬೇಡಿ, ಚಿಕ್ಕ ಅಳತೆಯನ್ನೇ ಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎಷ್ಟು ದಿನ ಎಡೆಬಿಡದೆ ನಡೆಯಿತು ಎಂದು ಎಣಿಸುವ ಆ್ಯಪ್‌ಗಳ ಬಗ್ಗೆ ನಮಗೆ ಅನುಮಾನವಿದೆ. 40 ಇದ್ದದ್ದು ಒಂದೇ ರಾತ್ರಿಗೆ ಸೊನ್ನೆಯಾದರೆ ಮತ್ತೆ ಶುರು ಮಾಡುವವರು ಕಡಿಮೆ. ‘ಈ ತಿಂಗಳು 30ರಲ್ಲಿ 25’ ಎಂದು ಬರೆಯುವುದು ಹೆಚ್ಚು ನಿಜ.

ಪ್ರಶ್ನೆ: ರಾತ್ರಿ ಹತ್ತು ನಿಮಿಷ ನೋಡೋಣ ಎಂದು ಹಿಡಿದ ಮೊಬೈಲ್ ಕೆಳಗಿಡುವಾಗ ಒಂದು ಗಂಟೆ ಹೊಡೆದಿರುತ್ತದೆ. ಆ್ಯಪ್ ಡಿಲೀಟ್ ಮಾಡಿದ್ದೆ, ಮೂರನೇ ದಿನ ಮತ್ತೆ ಹಾಕಿಕೊಂಡೆ. ಟೈಮರ್ ಇಟ್ಟರೆ ‘ಇನ್ನೂ 15 ನಿಮಿಷ’ ಒತ್ತಿಬಿಡುತ್ತೇನೆ.

ಟೈಮರ್ ಸೋಲುವುದು ಅದು ಕೇಳುವ ಹೊತ್ತಿನಿಂದ. ದಿನದ ಅತಿ ಸುಸ್ತಾದ ಗಳಿಗೆಯಲ್ಲಿ, ಬೆರಳಿನ ಕೆಳಗೇ ಗುಂಡಿ ಇಟ್ಟು, ‘ನಿಲ್ಲಿಸುತ್ತೀರಾ?’ ಎಂದು ಕೇಳುತ್ತದೆ. ಯಾರು ನಿಲ್ಲಿಸುತ್ತಾರೆ? ತೀರ್ಮಾನವನ್ನು ಸಂಜೆಗೇ ತನ್ನಿ.

ಚಾರ್ಜರಿಗೆ ಮಲಗುವ ಕೋಣೆಯ ಹೊರಗೆ ಒಂದು ಜಾಗ ಗೊತ್ತುಮಾಡಿ. ಹಾಸಿಗೆಯ ಪಕ್ಕದ ಇನ್ನೊಂದು ಚಾರ್ಜರನ್ನು ತೆಗೆದುಬಿಡಿ. ಅದು ಅಲ್ಲಿದ್ದರೆ ಒಂದು ವಾರದಲ್ಲಿ ಮೊಬೈಲ್ ವಾಪಸ್ ಬರುತ್ತದೆ. ಮಲಗಲು ಇನ್ನೂ ಮುಕ್ಕಾಲು ಗಂಟೆ ಇರುವಾಗಲೇ ಅದನ್ನು ಅಲ್ಲಿ ಚುಚ್ಚಿ. ‘ಅಲಾರಂ ಬೇಕಲ್ಲ’ ಎಂಬುದು ಎಲ್ಲರೂ ಹೇಳುವ ನೆಪ, ಅದಕ್ಕೆ ಒಂದು ಬೇರೆ ಅಲಾರಂ ಗಡಿಯಾರ ಸಾಕು. ‘ರಾತ್ರಿ ತುರ್ತು ಕರೆ ಬಂದರೆ?’ ಎಂಬುದು ನೆಪವಲ್ಲ, ನಿಜವಾದ ಅಗತ್ಯ. ಡು ನಾಟ್ ಡಿಸ್ಟರ್ಬ್ ಹಾಕಿ, ಮನೆಯವರ ನಾಲ್ಕೈದು ನಂಬರುಗಳಿಗೆ ಮಾತ್ರ ವಿನಾಯಿತಿ ಕೊಟ್ಟು, ರಿಂಗ್ ಜೋರಾಗಿಟ್ಟು, ಬಾಗಿಲು ತೆರೆದಿಡಿ.

ಕೈ ಖಾಲಿಯಾದಾಗ ಏನು ಮಾಡಬೇಕು ಎಂಬುದೂ ಇರಬೇಕು. ‘ಮೊಬೈಲ್ ನೋಡುವುದಿಲ್ಲ’ ಎಂದು ಮನಸ್ಸಿಗೆ ಹೇಳಿಕೊಳ್ಳುವುದು ಯೋಜನೆಯಲ್ಲ. ಬೇಡದ ಅಭ್ಯಾಸವನ್ನು ‘ಮಾಡುವುದಿಲ್ಲ’ ಎಂಬ ರೂಪದಲ್ಲಿ ಸಂಕಲ್ಪಿಸಿದಾಗ ಅದರ ನೆನಪೇ ಗಟ್ಟಿಯಾಗುತ್ತದೆಂದು ಮರೀಕೆ ಆಡ್ರಿಯಾನ್ಸೆ ಮತ್ತು ಸಂಗಡಿಗರ 2011ರ ಪ್ರಯೋಗಗಳು ತೋರಿಸಿವೆ. ‘ಮೊಬೈಲ್ ಚುಚ್ಚಿದ ಕೂಡಲೇ ದಿಂಬಿನ ಪಕ್ಕದ ಪುಸ್ತಕ ತೆರೆಯುತ್ತೇನೆ’ ಎನ್ನಿ. ಪುಸ್ತಕ ಹಗಲೇ ಅಲ್ಲಿರಲಿ, ಓದುವ ದೀಪಕ್ಕೆ ಕೈ ಎಟುಕಲಿ. ಮೊದಲ ಮೂರು–ನಾಲ್ಕು ರಾತ್ರಿ ಚಡಪಡಿಕೆ ಇರುತ್ತದೆ, ನಿದ್ದೆಯೂ ತಡವಾಗಬಹುದು. ‘ಇದರಿಂದ ಇನ್ನೂ ಕೆಟ್ಟಿತು’ ಎಂದು ಕೈಬಿಡುವುದು ಸಾಮಾನ್ಯವಾಗಿ ಈ ರಾತ್ರಿಗಳಲ್ಲೇ.

ಹಗಲಿನ ಮಾತು ಚಿಕ್ಕದು. ಮನುಷ್ಯರು ನಿಮ್ಮನ್ನೇ ಉದ್ದೇಶಿಸಿ ಕರೆದಾಗ, ಬರೆದಾಗ ಬರುವ ನೋಟಿಫಿಕೇಶನ್ ಮಾತ್ರ ಉಳಿಸಿ, ಬೇರೆಲ್ಲ ನಿಲ್ಲಿಸಿ. ಆ್ಯಪ್ ಡಿಲೀಟ್ ಮಾಡುವ ಬದಲು ಪ್ರತಿ ಸಲ ಲಾಗ್‌ಔಟ್ ಮಾಡಿ, ಪಾಸ್‌ವರ್ಡ್ ಫೋನಿನಲ್ಲಿ ಉಳಿಸಬೇಡಿ. ಮೂವತ್ತು ಸೆಕೆಂಡಿನ ಕಿರಿಕಿರಿ ಸಾಕು, ಅರಿವಿಲ್ಲದೆ ತೆರೆಯುವುದು ನಿಲ್ಲುತ್ತದೆ. ಪರದೆಯನ್ನು ಕಪ್ಪು–ಬಿಳುಪು ಮಾಡುವ ಉಪಾಯವನ್ನು ಬಹಳ ಮಂದಿ ಹೇಳುತ್ತಾರೆ; ಒಂದು ಫೋಟೋ ನೋಡಲು ಬಣ್ಣ ವಾಪಸ್ ಹಾಕಿದವರು ಮತ್ತೆ ತೆಗೆಯುವುದಿಲ್ಲ, ಅದನ್ನೇ ನೆಚ್ಚಬೇಡಿ.

ಪ್ರಶ್ನೆ: ಪ್ರೇರಣೆ ಕೊಡುವ ವಿಡಿಯೋಗಳನ್ನು ದಿನಾ ನೋಡುತ್ತೇನೆ. ನೋಡುವಾಗ ಮೈ ಜುಮ್ಮೆನ್ನುತ್ತದೆ, ಆಮೇಲೆ ಏನೂ ಆಗುವುದಿಲ್ಲ.

ಜುಮ್ಮೆನ್ನುವುದಷ್ಟೇ ಅದರ ಕೆಲಸ, ಅದು ತನ್ನ ಕೆಲಸ ಮಾಡಿದೆ. ಒಂದು ಕಟ್ಟಳೆ ಹಾಕಿಕೊಳ್ಳಿ: ಒಂದು ವಿಡಿಯೋ ಮುಗಿದರೆ, ಅದರಲ್ಲಿ ಹೇಳಿದ ಒಂದನ್ನಾದರೂ ಹತ್ತು ನಿಮಿಷ ಮಾಡುವವರೆಗೆ ಮುಂದಿನದು ಇಲ್ಲ.

ಪ್ರಶ್ನೆ: ಬೆಳಿಗ್ಗೆ ಐದೂವರೆಗೆ ಏಳಬೇಕೆಂದು ಒಂದು ವರ್ಷದಿಂದ ಪ್ರಯತ್ನ. ಈಗ ಏಳುವುದು ಏಳಕ್ಕೆ. ಅಲಾರಂ ನಿದ್ದೆಗಣ್ಣಲ್ಲೇ ಆರಿಸಿ ಮಲಗಿಬಿಡುತ್ತೇನೆ.

ಒಂದೇ ದಿನ ಒಂದೂವರೆ ಗಂಟೆ ಹಿಂದಕ್ಕೆ ಜಿಗಿಯುವುದು ದೇಹದ ಗಡಿಯಾರಕ್ಕೆ ಬೇರೆ ದೇಶಕ್ಕೆ ಹೋದಂತೆ. 15 ನಿಮಿಷದ ಮೆಟ್ಟಿಲು ಮಾಡಿ. ಏಳರಿಂದ ಐದೂವರೆಗೆ ಆರು ಮೆಟ್ಟಿಲು, ಒಂದೊಂದರಲ್ಲೂ ನಾಲ್ಕು ದಿನ ನಿಂತರೆ 24 ದಿನ. ಮಲಗುವ ಹೊತ್ತನ್ನು ಬಲವಂತದಿಂದ ಹಿಂದಕ್ಕೆ ಎಳೆಯಬೇಡಿ. ನಿದ್ದೆ ಬಾರದೆ ಹೊರಳಾಡುವುದೇ ಆದೀತು. ಏಳುವ ಹೊತ್ತನ್ನು ಗಟ್ಟಿ ಹಿಡಿದರೆ ಎರಡು–ಮೂರು ದಿನದಲ್ಲಿ ರಾತ್ರಿಯ ನಿದ್ದೆ ತಾನಾಗಿ ಬೇಗ ಬರುತ್ತದೆ. ಒಟ್ಟು ನಿದ್ದೆ ಮಾತ್ರ ಏಳು ಗಂಟೆಗಿಂತ ಕೆಳಗಿಳಿಯಬಾರದು. ಹನ್ನೆರಡಕ್ಕೆ ಮಲಗಿ ಐದೂವರೆಗೆ ಏಳುವುದನ್ನು ಶಿಸ್ತು ಎಂದು ಕರೆಯಲು ನಾವು ಒಪ್ಪುವುದಿಲ್ಲ.

ಎದ್ದ ಕೂಡಲೇ ಬಯಲಿನ ಬೆಳಕಿಗೆ ಬನ್ನಿ, 20–30 ನಿಮಿಷ. ದೇಹದ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವ ಮುಖ್ಯ ಕೀಲಿ ಬೆಳಗಿನ ಬೆಳಕು. ಮೋಡ ಕವಿದ ದಿನದಲ್ಲೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ಸಂಜೆ ಇದಕ್ಕೆ ವಿರುದ್ಧ, ದೀಪಗಳು ಮಂದವಾಗಿರಲಿ.

ಕೆಫೀನ್ ಲೆಕ್ಕ ಬಹಳ ಮಂದಿಗೆ ತಪ್ಪುತ್ತದೆ. ಕುಡಿದ ಸುಮಾರು ಐದು ಗಂಟೆಯ ಮೇಲೂ ಅರ್ಧದಷ್ಟು ರಕ್ತದಲ್ಲಿ ಉಳಿದಿರುತ್ತದೆ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಯಿತು. ಅದು ದೊಡ್ಡ ಪ್ರಮಾಣವೇ, ಆದರೂ ಹತ್ತಕ್ಕೆ ಮಲಗುವವರು ಮಧ್ಯಾಹ್ನ ಎರಡರ ಮೇಲೆ ಕಾಫಿ–ಟೀ ಬಿಟ್ಟರೆ ಕ್ಷೇಮ.

ಅಲಾರಂ ಆರಿಸುವುದು ನಿಮ್ಮ ಸೋಮಾರಿತನದ ಪುರಾವೆಯಲ್ಲ. ಎಚ್ಚರವಾದ ಮೊದಲ 15–30 ನಿಮಿಷ ಮಿದುಳು ಮಂಪರಿನಲ್ಲೇ ಇರುತ್ತದೆ, ಆ ಹೊತ್ತಿನಲ್ಲಿ ಯಾವ ತೀರ್ಮಾನವನ್ನೂ ಅದರ ಮೇಲೆ ಹೇರಬಾರದು. ಗಡಿಯಾರ ಎದ್ದು ನಡೆದೇ ಆರಿಸಬೇಕಾದ ದೂರದಲ್ಲಿರಲಿ. ಅದರ ಪಕ್ಕದಲ್ಲೇ ಹಾಕಿಕೊಳ್ಳುವ ಬಟ್ಟೆ ಮತ್ತು ನೀರು. ರಜೆಯ ದಿನ ಒಂದು ಗಂಟೆಗಿಂತ ಹೆಚ್ಚು ತಡ ಮಾಡಿದರೆ ಎರಡು ಮೆಟ್ಟಿಲು ಕೆಳಗೆ ಜಾರಿದಿರಿ ಎಂದೇ ಲೆಕ್ಕ.

ರಾತ್ರಿ ಇಪ್ಪತ್ತು ನಿಮಿಷದಷ್ಟು ಹೊತ್ತು ನಿದ್ದೆ ಬಾರದಿದ್ದರೆ ಎದ್ದು ಬೇರೆಡೆ ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮಾತ್ರ ಹಾಸಿಗೆಗೆ ಬನ್ನಿ. ರಿಚರ್ಡ್ ಬೂಟ್ಜಿನ್ 1972ರಲ್ಲಿ ವಿವರಿಸಿದ ಈ ಕ್ರಮ ಇಂದಿಗೂ ನಿದ್ರಾಹೀನತೆಯ ಚಿಕಿತ್ಸೆಯ ಭಾಗ. ಇಪ್ಪತ್ತು ನಿಮಿಷ ಎಂಬುದು ಅಂದಾಜು. ಗಡಿಯಾರ ನೋಡುತ್ತಾ ಕೂತರೆ ಅದರಿಂದಲೇ ನಿದ್ದೆ ಹಾರುತ್ತದೆ. ಅಂದಹಾಗೆ, ನಿಮಗೆ ಐದೂವರೆಗೆ ಏಳಬೇಕಾದ ಕೆಲಸವೇನಾದರೂ ಇದೆಯೇ? ಇಲ್ಲದಿದ್ದರೆ ಏಳಕ್ಕೆ ಏಳುವುದೂ ಏಳುವುದೇ. ತಡವಾಗಿ ಚುರುಕಾಗುವ ಮೈ ಕೆಲವರಿಗೆ ಹುಟ್ಟಿನಿಂದ ಬಂದದ್ದು.

ಪ್ರಶ್ನೆ: ದೊಡ್ಡ ವರದಿಯೊಂದನ್ನು ಬರೆಯಬೇಕು. ಗಡುವಿಗೆ ಇನ್ನೂ ಸಮಯವಿದೆ ಎಂದು ತಳ್ಳುತ್ತಾ ತಳ್ಳುತ್ತಾ ಕೊನೆಯ ರಾತ್ರಿ ಬೆಂಕಿ ಬಿದ್ದವನಂತೆ ಬರೆಯುತ್ತೇನೆ. ಪ್ರತಿ ಸಲವೂ ಹೀಗೇ.

ಮೊದಲು ‘ಸಮಯವಿದೆ’ ಎಂಬುದನ್ನು ಪರೀಕ್ಷಿಸೋಣ. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪದವಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 33.9 ದಿನದಲ್ಲಿ ಮುಗಿಸುತ್ತೇವೆ ಎಂದಿದ್ದರು. ಎಲ್ಲವೂ ಎಡವಟ್ಟಾದರೆ? 48.6 ದಿನ ಎಂದರು. ನಿಜವಾಗಿ ಹಿಡಿದದ್ದು 55.5 ದಿನ. ಕೆಟ್ಟ ಅಂದಾಜೂ ಸಾಲಲಿಲ್ಲ. ಹಾಗಾಗಿ ಮುಂದಿನದನ್ನು ಊಹಿಸಬೇಡಿ, ಹಿಂದಿನದನ್ನು ನೋಡಿ: ಕಳೆದ ವರದಿಗೆ ಕೂತ ಗಂಟೆಗಳು ಎಷ್ಟು? ದಾಖಲೆ ಇಲ್ಲದಿದ್ದರೆ ನಿಮ್ಮ ಅಂದಾಜನ್ನು ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡದೆ ಹಿಗ್ಗಿಸಿ, ಗಡುವಿನಿಂದ ಹಿಂದಕ್ಕೆ ಎಣಿಸಿ ಶುರು ಮಾಡುವ ದಿನ ಗೊತ್ತುಮಾಡಿ.

ಆಮೇಲೆ, ಮುಂದೂಡುವಾಗ ನೀವು ತಪ್ಪಿಸಿಕೊಳ್ಳುತ್ತಿರುವುದು ಕೆಲಸದಿಂದಲೋ, ಅದರೊಂದಿಗೆ ಬರುವ ಕಸಿವಿಸಿಯಿಂದಲೋ? ಕಸಿವಿಸಿಯ ಜಾತಿ ಗುರುತಿಸಿದರೆ ಮದ್ದು ಸುಲಭ.

ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯದಿದ್ದರೆ, ಕೆಲಸವನ್ನು ಕೈ ಮಾಡುವ ಮುಂದಿನ ಚಲನೆಗೆ ಇಳಿಸಿ. ಪಟ್ಟಿಯಲ್ಲಿ ‘ವರದಿ’ ಎಂದು ಬರೆದದ್ದು ವರ್ಷವಾದರೂ ಅಲ್ಲೇ ಇರುತ್ತದೆ. ‘ಹಿಂದಿನ ವರದಿಯ ಕಡತ ತೆರೆದು ಶೀರ್ಷಿಕೆಗಳನ್ನು ಹೊಸ ಹಾಳೆಗೆ ಇಳಿಸುವುದು’ ಎಂದು ಬರೆದದ್ದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಯಾರಾದರೂ ತಪ್ಪು ಹಿಡಿದಾರು ಎಂಬ ಅಳುಕಾದರೆ, ಬೇಕೆಂದೇ ಕೆಟ್ಟ ಕರಡು ಬರೆಯಿರಿ. 20 ನಿಮಿಷ, ಅಳಿಸುವ ಹಾಗಿಲ್ಲ, ಗೊತ್ತಿಲ್ಲದ ಕಡೆ ‘ಇಲ್ಲಿ ಅಂಕಿ ಬೇಕು’ ಎಂದು ಬಿಟ್ಟು ಮುಂದೆ ಹೋಗಿ. ಬರೀ ಬೇಸರದ ಕೆಲಸವಾದರೆ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ರೂಪಿಸಿದ 25 ನಿಮಿಷ ಕೆಲಸ, 5 ನಿಮಿಷ ವಿರಾಮದ ಕ್ರಮ ಸಾಕು. ಅದು ಕೆಡುವುದು ವಿರಾಮದಲ್ಲಿ: ಐದು ನಿಮಿಷಕ್ಕೆಂದು ಮೊಬೈಲ್ ಹಿಡಿದರೆ ನಲವತ್ತಾಗುತ್ತದೆ. ಎದ್ದು ನಡೆಯಿರಿ, ನೀರು ಕುಡಿಯಿರಿ, ಕಿಟಕಿಯಾಚೆ ನೋಡಿ.

ದಿನದ ಕೆಲಸ ನಿಲ್ಲಿಸುವಾಗ ಅಧ್ಯಾಯ ಮುಗಿಸಿ ಏಳಬೇಡಿ. ವಾಕ್ಯದ ನಡುವೆ ನಿಲ್ಲಿಸಿ, ಮುಂದೆ ಬರೆಯಬೇಕಾದ್ದನ್ನು ಅರ್ಧ ಸಾಲು ಗೀಚಿಡಿ. ನಾಳೆ ಖಾಲಿ ಹಾಳೆ ಎದುರಾಗುವುದಿಲ್ಲ.

ಹಿಂದೆ ಹೀಗೆ ಮಾಡಿದ್ದಕ್ಕೆ ನಿಮ್ಮನ್ನು ಬೈದುಕೊಳ್ಳುವುದರಿಂದ ಲಾಭವಿಲ್ಲ, ನಷ್ಟವಿದೆ. ಮೈಕಲ್ ವೋಲ್, ಟಿಮೊಥಿ ಪಿಚಿಲ್ ಮತ್ತು ಶಾನನ್ ಬೆನೆಟ್ 119 ವಿದ್ಯಾರ್ಥಿಗಳ ಮೇಲೆ ಮಾಡಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನು ತಾವೇ ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈಗುಳ ಕಸಿವಿಸಿಯನ್ನು ಹೆಚ್ಚಿಸುತ್ತದೆ, ನೀವು ಓಡುತ್ತಿರುವುದೇ ಅದರಿಂದ.

ಪ್ರಶ್ನೆ: ಕಚೇರಿಯಿಂದ ಬಂದವಳೇ ಮಕ್ಕಳ ಮೇಲೆ ರೇಗುತ್ತೇನೆ. ರಾತ್ರಿ ಅವರು ಮಲಗಿದ ಮೇಲೆ ಮುಖ ನೋಡಿ ಅಳು ಬರುತ್ತದೆ. ಸಿಟ್ಟು ಬಂದಾಗ ದಿಂಬಿಗೆ ಗುದ್ದಿ ಹೊರಹಾಕಿ ಎಂದು ಗೆಳತಿ ಹೇಳಿದಳು.

ಗೆಳತಿಯ ಸಲಹೆ ಬೇಡ. ಬ್ರಾಡ್ ಬುಷ್‌ಮನ್ 2002ರಲ್ಲಿ 600 ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಸಿಟ್ಟು ತರಿಸಿದವರನ್ನು ನೆನೆಯುತ್ತಾ ಚೀಲಕ್ಕೆ ಗುದ್ದಿದವರ ಸಿಟ್ಟು ಏರಿತು. ಸುಮ್ಮನೆ ಕೂತವರೇ ಮೇಲು.

ಒಂದು ವಾರ ಏನನ್ನೂ ಬದಲಿಸದೆ ಬರೆದಿಡಿ, ನಾಲ್ಕೇ ಕಲಂ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚಿನ ಅರ್ಧ ಗಂಟೆ ಏನಾಗಿತ್ತು, ಮೈಯಲ್ಲಿ ಎಲ್ಲಿ ಗೊತ್ತಾಯಿತು, ಬಾಯಿಂದ ಏನು ಬಂತು. ಏಳು ದಿನದ ಹಾಳೆಯಲ್ಲಿ ಮಕ್ಕಳ ತುಂಟತನಕ್ಕಿಂತ ಹಸಿವು, ಅವಸರ, ಬಾಗಿಲು ದಾಟುವ ಮೊದಲ ಕಾಲು ಗಂಟೆ ಇವೇ ಹೆಚ್ಚು ಸಲ ಕಂಡರೆ ಆಶ್ಚರ್ಯಪಡಬೇಡಿ. ಅಂಥ ಸಿಟ್ಟಿಗೆ ಉಪಾಯ ಬಾಗಿಲಿನ ಹೊರಗಿದೆ. ಮನೆಗೆ ಬರುವ ಮೊದಲೇ ಏನಾದರೂ ತಿನ್ನಿ, ಹತ್ತು ನಿಮಿಷ ಒಬ್ಬರೇ ಕೂತು ಒಳಗೆ ಬನ್ನಿ. ಮನೆಯಲ್ಲಿ ಇನ್ನೊಬ್ಬರು ದೊಡ್ಡವರಿದ್ದರೆ ಆ ಕಾಲು ಗಂಟೆಯನ್ನು ಅವರಿಗೆ ವಹಿಸಿ.

ಆದರೂ ಬಂದೇ ಬರುವ ಸಿಟ್ಟಿಗೆ ಮೈಯ ಗುರುತು ಬೇಕು: ದವಡೆ ಬಿಗಿ, ಕಿವಿ ಬಿಸಿ, ಭುಜ ಮೇಲೆ, ದನಿ ತೀಕ್ಷ್ಣ. ನಿಮ್ಮದು ಯಾವುದೋ ಮೂರನೇ ಕಲಂ ಹೇಳುತ್ತದೆ. ಅದು ಕಂಡ ಕೂಡಲೇ ಹೇಳುವ ಮಾತು ಮೊದಲೇ ಬಾಯಿಪಾಠವಾಗಿರಲಿ: ‘ಅಮ್ಮನಿಗೆ ಸಿಟ್ಟು ಬರ್ತಿದೆ. ಐದು ನಿಮಿಷ ಒಳಗಿರ್ತೀನಿ, ಆಮೇಲೆ ಬರ್ತೀನಿ.’ ಎಲ್ಲಿಗೆ, ಎಷ್ಟು ಹೊತ್ತು ಎಂದು ಹೇಳದೆ ಎದ್ದುಹೋದರೆ ಮಗು ಹೆದರುತ್ತದೆ, ಹಿಂದೆಯೇ ಬರುತ್ತದೆ, ಸಿಟ್ಟು ಇಮ್ಮಡಿಯಾಗುತ್ತದೆ. ಒಳಗೆ ಹೋಗಿ ನಾಲ್ಕು ಎಣಿಸುವಷ್ಟು ಉಸಿರು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ, ಹತ್ತು ಸಲ. ಒಂದೂ ಮುಕ್ಕಾಲು ನಿಮಿಷವೂ ಆಗುವುದಿಲ್ಲ. ನಡೆದ ಜಗಳವನ್ನು ತಲೆಯಲ್ಲಿ ಮತ್ತೆ ಓಡಿಸಿದರೆ ಈ ಐದು ನಿಮಿಷ ವ್ಯರ್ಥ. ಹೇಳಿದ ಹೊತ್ತಿಗೆ ತಪ್ಪದೆ ಹೊರಬನ್ನಿ, ಮಗು ಕಲಿಯುವುದು ಅದನ್ನೇ.

ಕೂಗಿಯೇಬಿಟ್ಟಿರಿ ಎನ್ನಿ. ಮಲಗಿದ ಮೇಲೆ ಅತ್ತರೆ ಮಗುವಿಗೆ ತಿಳಿಯುವುದಿಲ್ಲ. ಎಚ್ಚರವಿರುವಾಗ ಒಂದೇ ವಾಕ್ಯ ಸಾಕು, ‘ನಾನು ಕೂಗಿದ್ದು ತಪ್ಪು.’ ಅದಕ್ಕೆ ‘ಆದರೆ ನೀನೂ...’ ಎಂದು ಬಾಲ ಅಂಟಿಸಬೇಡಿ. ನಿಮ್ಮನ್ನು ಸಮಾಧಾನಪಡಿಸುವ ಕೆಲಸ ಮಗುವಿನ ಮೇಲೆ ಬೀಳುವಷ್ಟು ಕಣ್ಣೀರೂ ಬೇಡ. ಸಿಟ್ಟು ಕೈ ಎತ್ತುವವರೆಗೆ ಹೋಗುತ್ತಿದ್ದರೆ ಹಾಳೆಯ ಲೆಕ್ಕಕ್ಕೆ ಕಾಯದೆ ಆಪ್ತಸಮಾಲೋಚಕರನ್ನು ಕಾಣಿ.

ಪ್ರಶ್ನೆ: ಹೊಸ ಗುರಿಯನ್ನು ಎಲ್ಲರಿಗೂ ಹೇಳಿಬಿಟ್ಟರೆ ನಾಚಿಕೆಗಾದರೂ ಮಾಡುತ್ತೇವಲ್ಲವೇ?

ಯಾರಿಗೆ, ಏನು ಹೇಳುತ್ತೀರಿ ಎಂಬುದರ ಮೇಲಿದೆ. ‘ನಾನು ಬರಹಗಾರನಾಗುತ್ತೇನೆ’ ಎಂದು ಹತ್ತು ಮಂದಿಯ ಮುಂದೆ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡರೆ ಅರ್ಧ ತೃಪ್ತಿ ಅಲ್ಲೇ ಸಿಕ್ಕಿ ಕೆಲಸ ಸಡಿಲವಾಗುತ್ತದೆಂದು ಪೀಟರ್ ಗೋಲ್‌ವಿಟ್ಜರ್ ತಂಡದ 2009ರ ಪ್ರಯೋಗಗಳು ಸೂಚಿಸಿವೆ. ಮಾಡಿದ್ದನ್ನು ವಾರಕ್ಕೊಮ್ಮೆ ಒಬ್ಬರಿಗೆ ಲೆಕ್ಕ ಒಪ್ಪಿಸುವುದು ಬೇರೆ ಮಾತು. ಹೊಗಳದ, ಬೈಯದ, ಭಾನುವಾರ ಸಂಜೆ ತಪ್ಪದೆ ‘ಎಷ್ಟಾಯಿತು?’ ಎಂದು ಕೇಳುವ ಒಬ್ಬರು ಸಾಕು.

ಪ್ರಶ್ನೆ: ಮೂವತ್ತು ದಾಟಿದರೂ ಉಗುರು ಕಚ್ಚುವುದು ಬಿಟ್ಟಿಲ್ಲ. ಕಹಿ ಲೇಪ ಹಚ್ಚಿದೆ, ಕಹಿಯೂ ರೂಢಿಯಾಯಿತು.

ಕಹಿ ಲೇಪ ಶಿಕ್ಷೆಯಷ್ಟೇ, ಕೈಗೆ ಬೇರೆ ಕೆಲಸ ಕೊಡುವುದಿಲ್ಲ. ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ವಿವರಿಸಿದ ವಿಧಾನ ಹಿಡಿಯಿರಿ. ಮೊದಲ ಮೂರು ದಿನ ಎಲ್ಲಿ, ಯಾವಾಗ ಕೈ ಬಾಯಿಗೆ ಹೋಗುತ್ತದೆ ಎಂದು ಗುರುತು ಹಾಕಿ. ಕಚ್ಚುವುದಕ್ಕೆ ಮೊದಲು ಇನ್ನೊಂದು ಚಲನೆ ಇರುತ್ತದೆ, ಹೆಬ್ಬೆರಳು ಉಳಿದ ಉಗುರುಗಳ ಅಂಚು ತಡಕುತ್ತದೆ. ಒರಟು ಅಂಚು ಸಿಕ್ಕರೆ ಕೈ ಮೇಲೇಳುತ್ತದೆ. ಹಿಡಿಯಬೇಕಾದದ್ದು ಆ ತಡಕಾಟವನ್ನು. ಅದು ಗೊತ್ತಾದ ಕೂಡಲೇ ಎರಡೂ ಕೈ ಮುಷ್ಟಿ ಮಾಡಿ, ಹೆಬ್ಬೆರಳು ಒಳಗಿಟ್ಟು, ಪಕ್ಕಕ್ಕೆ ಇಳಿಬಿಟ್ಟು ಕನಿಷ್ಠ ಒಂದು ನಿಮಿಷ ಹಿಡಿಯಿರಿ. ಯಾರ ಕಣ್ಣಿಗೂ ಬೀಳದ, ಕಚ್ಚುವುದರ ಜೊತೆ ಒಟ್ಟಿಗೆ ಮಾಡಲಾಗದ ಯಾವ ಭಂಗಿಯೂ ಆದೀತು. ಕಚ್ಚಿದ ಮೇಲೆ ನೆನಪಾದರೂ ಮಾಡಿ. ಉಗುರು ಉಜ್ಜುವ ಅರ ಜೇಬಿನಲ್ಲಿರಲಿ. ಒರಟು ಅಂಚೇ ಇಲ್ಲದಿದ್ದರೆ ತಡಕಾಟಕ್ಕೆ ಏನೂ ಸಿಗುವುದಿಲ್ಲ. ಪರದೆ ನೋಡುವಾಗ, ಓದುವಾಗ ಅರಿವು ತಪ್ಪುವುದು ಹೆಚ್ಚು. ಆ ಹೊತ್ತಿಗೆ ಕೈಗೆ ಪೆನ್ನೋ ಚೆಂಡೋ ಕೊಡಿ.

ಪ್ರಶ್ನೆ: ಆರು ತಿಂಗಳಲ್ಲಿ ಹತ್ತು ಉಪಯುಕ್ತ ಪುಸ್ತಕ ಓದಿದೆ. ಯಾವುದರಲ್ಲಿ ಏನಿತ್ತು ಕೇಳಿದರೆ ಹೇಳಲಾರೆ.

ಮತ್ತೆ ಮತ್ತೆ ಓದಿದರೆ ಗೊತ್ತಿದೆ ಎನ್ನಿಸುತ್ತದೆ, ಉಳಿಯುವುದಿಲ್ಲ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆಯವರ 2006ರ ಪ್ರಯೋಗದಲ್ಲಿ, ಒಂದೇ ಪಾಠವನ್ನು ನಾಲ್ಕು ಅವಧಿ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ಉಳಿದದ್ದು ಶೇ. 40, ಒಂದು ಅವಧಿ ಓದಿ ಮೂರು ಅವಧಿ ನೋಡದೆ ನೆನಪಿಸಿಕೊಂಡವರಿಗೆ ಶೇ. 61. ಅಧ್ಯಾಯ ಮುಗಿದಾಗ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿರುವಷ್ಟು ಬರೆಯಿರಿ, ಆಮೇಲೆ ತೆರೆದು ಬಿಟ್ಟದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಮರುದಿನ, ಮೂರನೇ ದಿನ, ವಾರದ ಮೇಲೆ ಹೀಗೇ ಮಾಡಿ. ಹತ್ತು ಪುಸ್ತಕದ ಹೊತ್ತಿನಲ್ಲಿ ನಾಲ್ಕೇ ಮುಗಿದರೂ ಪರವಾಗಿಲ್ಲ.

ಪ್ರಶ್ನೆ: ಮೇಲಿನ ಯಾವ ಉಪಾಯವೂ ಬೇಡ ಅನ್ನಿಸುತ್ತದೆ. ಒಂದು ತಿಂಗಳಿಂದ ಇಷ್ಟದ ಕೆಲಸದಲ್ಲೂ ಆಸಕ್ತಿ ಇಲ್ಲ, ಬೆಳಗಿನ ಜಾವ ಎಚ್ಚರ, ಊಟ ಸೇರುವುದಿಲ್ಲ. ಇದನ್ನು ಸ್ವಪ್ರಯತ್ನದಿಂದ ಸರಿಮಾಡಬಹುದೇ?

ಇದು ಅಭ್ಯಾಸದ ಅಂಕಣಕ್ಕೆ ಸೇರಿದ ಪ್ರಶ್ನೆಯಲ್ಲ. ಈ ಲಕ್ಷಣಗಳು ಎರಡು ವಾರಕ್ಕಿಂತ ಹೆಚ್ಚು, ದಿನದ ಬಹುಪಾಲು ಇದ್ದರೆ ವೈದ್ಯರು ಖಿನ್ನತೆಗಾಗಿ ಪರೀಕ್ಷಿಸುತ್ತಾರೆ. ಥೈರಾಯ್ಡ್, ರಕ್ತಹೀನತೆಯಂಥ ಕಾರಣಗಳನ್ನೂ ನೋಡುತ್ತಾರೆ. ಚಿಕಿತ್ಸೆ ಇದೆ. ಈ ವಾರವೇ ಹೋಗಿ. ಬದುಕುವುದೇ ಬೇಡ ಎಂಬ ಯೋಚನೆ ಸುಳಿದಿದ್ದರೆ ಇಂದೇ ಹೋಗಿ, ಒಬ್ಬರೇ ಹೋಗಬೇಡಿ.

ಪ್ರಶ್ನೆ: ಎಂಟು ವರ್ಷದಿಂದ ದಿನಾ ಕುಡಿಯುತ್ತಿದ್ದೇನೆ, ಪ್ರಮಾಣ ಜಾಸ್ತಿಯೇ. ನಾಳೆಯಿಂದ ಒಂದು ಹನಿಯೂ ಇಲ್ಲ ಎಂದು ತೀರ್ಮಾನಿಸಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ತೀರ್ಮಾನ ಸರಿ, ‘ನಾಳೆಯಿಂದ ಒಮ್ಮೆಗೇ, ಯಾರಿಗೂ ಹೇಳದೆ’ ಎಂಬುದು ಅಪಾಯ. ವರ್ಷಗಟ್ಟಲೆ ಹೆಚ್ಚು ಕುಡಿದ ದೇಹದಲ್ಲಿ ಮದ್ಯ ತಟ್ಟನೆ ನಿಂತರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ಎದೆಬಡಿತ ಶುರುವಾಗಬಹುದು. ಕೆಲವರಿಗೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಸುಮಾರಿಗೆ ಗೊಂದಲ, ಇಲ್ಲದ್ದು ಕಾಣುವುದು, ಜ್ವರ ಕಾಣಿಸಿದರೆ ಅದು ಪ್ರಾಣಕ್ಕೇ ಕುತ್ತು ತರಬಲ್ಲದು. ವೈದ್ಯರು ಇದನ್ನು ತಡೆಯಲು ಕೆಲವು ದಿನ, ಇಳಿಸುತ್ತಾ ಹೋಗುವ ಪ್ರಮಾಣದಲ್ಲಿ ಔಷಧಿ ಕೊಡುತ್ತಾರೆ, ಜೊತೆಗೆ ಥಯಾಮಿನ್ ಎಂಬ ಬಿ ಜೀವಸತ್ವ. ಕೆಲವರಿಗೆ ಮನೆಯಲ್ಲೇ ಆಗುತ್ತದೆ, ಕೆಲವರನ್ನು ದಾಖಲು ಮಾಡಿಕೊಳ್ಳಬೇಕಾಗುತ್ತದೆ.

ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ದಿನಕ್ಕೆ ಏನು, ಎಷ್ಟು ಮಿಲಿಲೀಟರ್, ಕೊನೆಯ ಸಲ ಕುಡಿದ ಹೊತ್ತು, ಹಿಂದೆ ನಿಲ್ಲಿಸಿದಾಗ ನಡುಕವೋ ಫಿಟ್ಸೋ ಬಂದಿತ್ತೇ, ಈಗ ತೆಗೆದುಕೊಳ್ಳುತ್ತಿರುವ ಬೇರೆ ಔಷಧಿಗಳು. ಪ್ರಮಾಣವನ್ನು ನಾಚಿಕೆಯಿಂದ ಅರ್ಧ ಮಾಡಿ ಹೇಳಿದರೆ ಔಷಧಿಯ ಲೆಕ್ಕವೂ ತಪ್ಪುತ್ತದೆ. ವೈದ್ಯರನ್ನು ಕಾಣುವವರೆಗೆ ತಟ್ಟನೆ ಸೊನ್ನೆಗೆ ಇಳಿಸಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಇಂದೇ ತಿಳಿಸಿ. ಫಿಟ್ಸ್ ಬಂದರೆ, ಮಾತು ತಡಬಡಿಸಿದರೆ ಬೆಳಗಾಗಲೆಂದು ಕಾಯದೆ ನಿಮ್ಮನ್ನು ಆಸ್ಪತ್ರೆಗೆ ಒಯ್ಯಬೇಕಾದವರು ಅವರೇ.